ಪರಂಗಿಮಲೆಯ ಮೆಟ್ಟಿಲು ಕಟ್ಟಿಸಿದ ಸಾಹುಕಾರ

ಶಿವಮೊಗ್ಗದಿಂದ ಚೆನ್ನೈಗೆ ಬಂದು ಹನ್ನೆರಡು ವರ್ಷವಾಯಿತು. ಆಫೀಸು, ಮಗಳ ಶಾಲೆ, ಅಣ್ಣಾ ನಗರ್ ಟವರ್ ಪಾರ್ಕಿನ ವಾಕಿಂಗ್, ವರ್ಷಕ್ಕೊಮ್ಮೆ ನಮ್ಮ ಸಂಘದ ರಾಜ್ಯೋತ್ಸವ. ಊರು ನೋಡಿದ್ದು ಇಷ್ಟೇ. ಕಳೆದ ದಸರಾ ರಜೆಯಲ್ಲಿ ಮಗಳು ಮೆಟ್ರೋದಲ್ಲಿ ಕೊನೆಯ ಸ್ಟೇಷನ್‌ವರೆಗೆ ಹೋಗಬೇಕೆಂದು ಹಟ ಹಿಡಿದಳು. ನಮ್ಮ ಹಸಿರು ಲೈನಿನ ಕೊನೆಯ ಸ್ಟೇಷನ್ ಸೇಂಟ್ ಥಾಮಸ್ ಮೌಂಟ್, ತಮಿಳಿನಲ್ಲಿ ಪರಂಗಿಮಲೈ. ಇಳಿದ ಮೇಲೆ ಬೆಟ್ಟ ಹತ್ತದೆ ಬರುವುದು ಹೇಗೆ? ಹತ್ತಿದೆವು. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ಕೂತಾಗ ಇಷ್ಟು ಅಗಲದ ಕಲ್ಲಿನ ಮೆಟ್ಟಿಲನ್ನು ಯಾವ ರಾಜ ಕಟ್ಟಿಸಿದ ಎಂದು ಅವಳು ಕೇಳಿದಳು. ನನಗೂ ಗೊತ್ತಿರಲಿಲ್ಲ. ಆಮೇಲೆ ಓದಿದಾಗ ತಿಳಿಯಿತು, ಕಟ್ಟಿಸಿದವನು ರಾಜನಲ್ಲ, ಈ ಊರಿನವನೂ ಅಲ್ಲ. ಇರಾನಿನಿಂದ ಬಂದ ಒಬ್ಬ ಅರ್ಮೇನಿಯನ್ ವ್ಯಾಪಾರಿ. ಹೆಸರು ಕೋಜಾ ಪೆಟ್ರಸ್ ಉಸ್ಕಾನ್.

ಕೋಜಾ ಎಂದರೆ ಪರ್ಷಿಯನ್ನಿನ ಖ್ವಾಜಾ. ನಮ್ಮ ಕಡೆ ಸಾಹುಕಾರರು ಎನ್ನುತ್ತೇವಲ್ಲ, ಹಾಗೆ. ಉಸ್ಕಾನ್ ಹುಟ್ಟಿದ್ದು 1680ರ ಸುಮಾರಿಗೆ, ಇಸ್ಫಹಾನ್ ನಗರದ ಪಕ್ಕದ ಜುಲ್ಫಾದಲ್ಲಿ. ಆ ಜುಲ್ಫಾ ಕೂಡ ಅಲ್ಲಿಯವರ ಮೂಲ ಊರಲ್ಲ. ಅರಸ್ ನದಿಯ ದಡದಲ್ಲಿದ್ದ ಹಳೆಯ ಜುಲ್ಫಾದಿಂದ ಷಾ ಅಬ್ಬಾಸ್ 1604-05ರಲ್ಲಿ ಇಡೀ ಅರ್ಮೇನಿಯನ್ ಸಮುದಾಯವನ್ನು ಬಲವಂತವಾಗಿ ಎಬ್ಬಿಸಿ ತಂದು ಇಸ್ಫಹಾನಿನಲ್ಲಿ ಇರಿಸಿದ. ಕಳೆದುಕೊಂಡ ಊರಿನ ಹೆಸರನ್ನೇ ಅವರು ಹೊಸ ಬಡಾವಣೆಗೂ ಇಟ್ಟುಕೊಂಡರು. ರೇಷ್ಮೆ ವ್ಯಾಪಾರ ಅವರ ಕೈಗೆ ಬಂತು. ನೂರು ವರ್ಷದೊಳಗೆ ಆಮ್ಸ್ಟರ್‌ಡ್ಯಾಮ್‌ನಿಂದ ಮನಿಲಾವರೆಗೆ ಜುಲ್ಫಾದ ವರ್ತಕರಿಲ್ಲದ ಬಂದರು ಇರಲಿಲ್ಲ ಎನ್ನಬಹುದು.

ಈ ವ್ಯಾಪಾರ ನಡೆಯುತ್ತಿದ್ದ ರೀತಿ ಸ್ವಾರಸ್ಯವಾಗಿದೆ. ಜುಲ್ಫಾದ ಸಾಹುಕಾರ ಬಂಡವಾಳ ಹಾಕುತ್ತಿದ್ದ. ಏಜೆಂಟ್ ಅದನ್ನು ತೆಗೆದುಕೊಂಡು ಊರೂರು ಸುತ್ತಿ ದುಡಿಯುತ್ತಿದ್ದ. ಲಾಭದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಅವನಿಗೆ. ಐದು ವರ್ಷ, ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಅವನು ಹೊರಗೇ ಇರುತ್ತಿದ್ದ. ಹೆಂಡತಿ ಮಕ್ಕಳು ಮಾತ್ರ ಜುಲ್ಫಾದಲ್ಲಿ, ಸಾಹುಕಾರನ ಕಣ್ಣೆದುರು. ಏಜೆಂಟ್ ದುಡ್ಡು ಎತ್ತಿಕೊಂಡು ಓಡಿಹೋಗದಿರಲು ಅದಕ್ಕಿಂತ ದೊಡ್ಡ ಜಾಮೀನು ಯಾವುದು? ಆ ಕಾಲದ ವ್ಯಾಪಾರದ ಕಾಗದಗಳು ಇಂದಿಗೂ ಬೇರೆ ಬೇರೆ ದೇಶಗಳ ದಾಖಲೆ ಸಂಗ್ರಹಗಳಲ್ಲಿವೆ. ತಿಂಗಳುಗಟ್ಟಲೆ ಆ ಕಾಗದಕ್ಕೆ ಕಾದು ಕೂತ ಹೆಂಗಸರನ್ನು ನೆನೆದರೆ, ಆನ್‌ಸೈಟ್‌ಗೆ ಹೋದ ಗಂಡನ ವಿಡಿಯೋ ಕಾಲ್ ಹತ್ತು ನಿಮಿಷ ತಡವಾಯಿತೆಂದು ಸಿಟ್ಟಾಗುವ ನಮಗೆ ನಾಚಿಕೆಯಾಗಬೇಕು.

ಮದ್ರಾಸಿಗೆ ಅರ್ಮೇನಿಯನ್ನರು ಉಸ್ಕಾನ್‌ಗಿಂತ ಮೊದಲೇ ಬಂದಿದ್ದರು. 1688ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರೊಡನೆ ಲಂಡನ್ನಿನಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಕಂಪನಿಯ ಊರುಗಳಲ್ಲಿ ಇಂಗ್ಲಿಷರಿಗಿರುವ ಸವಲತ್ತೇ ಅವರಿಗೂ, 40 ಮಂದಿ ನೆಲೆಸಿದ ಕಡೆ ಚರ್ಚಿಗೆ ಜಾಗ, ಪಾದ್ರಿಗೆ ಏಳು ವರ್ಷ ವರ್ಷಕ್ಕೆ 50 ಪೌಂಡ್. ಆಫರ್ ಲೆಟರ್ ಚೆನ್ನಾಗಿಯೇ ಇತ್ತು. ಉಸ್ಕಾನ್ ಇಲ್ಲಿ ನೆಲೆನಿಂತದ್ದು 1720ರ ದಶಕದ ಮೊದಲ ವರ್ಷಗಳಲ್ಲಿ. ಅದೇ ಹೊತ್ತಿಗೆ, 1722ರಲ್ಲಿ, ಆಫ್ಘನ್ನರು ಇಸ್ಫಹಾನಿಗೆ ಮುತ್ತಿಗೆ ಹಾಕಿದರು. ಜುಲ್ಫಾದವರನ್ನು ಹಿಂಡಿ ಹಣ ಕಿತ್ತರು. ಹಿಂದಿರುಗಿ ಹೋಗಬೇಕೆಂದರೂ ಊರು ಮೊದಲಿನ ಊರಾಗಿ ಉಳಿದಿರಲಿಲ್ಲ.

ಆತನ ಸಂಪತ್ತು ಬಂದದ್ದು ಮನಿಲಾ ವ್ಯಾಪಾರದಿಂದ. ಮೆಕ್ಸಿಕೋದ ಬೆಳ್ಳಿ ಹಡಗಿನಲ್ಲಿ ಮನಿಲಾಕ್ಕೆ ಬರುತ್ತಿತ್ತು. ಅಲ್ಲಿನವರಿಗೆ ನಮ್ಮ ಕೋರಮಂಡಲ ತೀರದ ಹತ್ತಿಬಟ್ಟೆ ಬೇಕಿತ್ತು. ಆದರೆ ಆ ಬಂದರು ಸ್ಪೇನಿನವರದು, ಇಂಗ್ಲಿಷರಿಗೆ ಪ್ರವೇಶವಿಲ್ಲ. ಏಷ್ಯಾದವರಿಗೆ, ಅರ್ಮೇನಿಯನ್ನರಿಗೆ ಇತ್ತು. ಹೀಗಾಗಿ ಮದ್ರಾಸಿನ ಇಂಗ್ಲಿಷರ ಸರಕು ಕೂಡ ಅರ್ಮೇನಿಯನ್ನರ ಹೆಸರಿನಲ್ಲಿ ಹೋಗುತ್ತಿತ್ತು. ಬೇರೆಯವರು ಹೋಗಲಾಗದ ಕಡೆ ಹೋಗಬಲ್ಲವನಾಗಿದ್ದದ್ದೇ ಉಸ್ಕಾನ್‌ನ ದೊಡ್ಡ ಆಸ್ತಿ.

ಬಂದು ಕೆಲವೇ ವರ್ಷಕ್ಕೆ, 1726ರಲ್ಲಿ, ಆತ ಅಡಯಾರ್ ನದಿಗೆ ಸೈದಾಪೇಟೆಯಲ್ಲಿ ಸೇತುವೆ ಕಟ್ಟಿಸಿದ. ಪರಂಗಿಮಲೆಯ ಮೇಲಿನ ಚರ್ಚಿಗೆ ಹೋಗುವ ಯಾತ್ರಿಕರು ಮಳೆಗಾಲದಲ್ಲಿ ನದಿ ದಾಟುವುದೇ ಕಷ್ಟವಾಗಿತ್ತು. ಸೇತುವೆಗೆ ತಗುಲಿದ್ದು 30,000 ವರಹ. ಹೌದು, ನಮ್ಮ ವರಹವೇ! ಇಂಗ್ಲಿಷರು ಪಗೋಡ ಎನ್ನುತ್ತಿದ್ದ ಚಿನ್ನದ ನಾಣ್ಯ. ಬೆಟ್ಟಕ್ಕೆ ನೂರಕ್ಕೂ ಹೆಚ್ಚು ಅಗಲವಾದ ಮೆಟ್ಟಿಲುಗಳನ್ನೂ ಹಾಕಿಸಿದ. ಅಷ್ಟಕ್ಕೇ ಬಿಡದೆ, ಮುಂದಿನ ರಿಪೇರಿಗೆಂದು 1,500 ವರಹವನ್ನು ಬೇರೆ ಇಟ್ಟ. ಕಟ್ಟಿಸಿ ಹೆಸರು ಹಾಕಿಸಿಕೊಳ್ಳುವವರು ಬಹಳ, ಮೇಂಟೆನೆನ್ಸ್‌ಗೆ ದುಡ್ಡಿಡುವವರು ಕಡಿಮೆ. ಫ್ಲಾಟಿನ ಅಸೋಸಿಯೇಷನ್ನಿನಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು.

ಮಾಂಬಲಂ ಎನ್ನಲು ಬಾರದ ವಿದೇಶಿಯರ ಬಾಯಲ್ಲಿ ಅದು ಮಾರ್ಮಲಾಂಗ್ ಸೇತುವೆಯಾಯಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಅದರ ಮೇಲೆ ಓಡಾಡಿದರು. 1960ರ ದಶಕದಲ್ಲಿ ಅದರ ಜಾಗಕ್ಕೆ ಬಂದದ್ದೇ ಈಗಿನ ಮರೈಮಲೈ ಅಡಿಗಳ್ ಸೇತುವೆ. 2015ರ ಡಿಸೆಂಬರ್ ನೆರೆಯಲ್ಲಿ ಅಡಯಾರ್ ಉಕ್ಕಿ ಅಲ್ಲಿ ಸಂಚಾರ ನಿಲ್ಲಿಸಿದ್ದು ನಿಮಗೂ ನೆನಪಿರಬಹುದು. ಆ ರಾತ್ರಿ ನಾನು ಗಿಂಡಿಯ ಆಫೀಸಿನಲ್ಲೇ ಕಳೆದೆ, ಒಂಬತ್ತು ತಿಂಗಳ ಮಗಳು ಇತ್ತ ಅಣ್ಣಾ ನಗರ್‌ನಲ್ಲಿ ಅತ್ತೆಯವರ ಮಡಿಲಲ್ಲಿ. ಸೇತುವೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಅಂದು.

ಉಸ್ಕಾನ್‌ಗೆ ಪರೀಕ್ಷೆ ಬಂದದ್ದು ಅರವತ್ತು ದಾಟಿದ ಮೇಲೆ. 1746ರ ಸೆಪ್ಟೆಂಬರಿನಲ್ಲಿ ಫ್ರೆಂಚರು ಮದ್ರಾಸನ್ನು ವಶಪಡಿಸಿಕೊಂಡರು. ಆತನ ಆಸ್ತಿ ಜಪ್ತಿಯಾಯಿತು. ನಮ್ಮ ಕಡೆ ಸೇರಿ ಪಾಂಡಿಚೇರಿಗೆ ಬಂದರೆ ಎಲ್ಲವನ್ನೂ ಹಿಂದಿರುಗಿಸುತ್ತೇವೆ ಎಂಬ ಸೂಚನೆ ಬಂತು. ವ್ಯಾಪಾರಿಗೆ ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. ಉಸ್ಕಾನ್ ಒಪ್ಪಲಿಲ್ಲ. ತಾನು ಗಳಿಸಿದ್ದು ಇಂಗ್ಲಿಷರ ಆಶ್ರಯದಲ್ಲಿ ಎಂಬುದು ಆತನ ನಿಲುವು. ಆಸ್ತಿ ಹೋದರೆ ಹೋಗಲಿ ಎಂದುಬಿಟ್ಟ.

1749ರಲ್ಲಿ ಊರು ಮತ್ತೆ ಇಂಗ್ಲಿಷರ ಕೈಗೆ ಬಂತು. ಕಂಪನಿ ಕೊಟ್ಟ ಉಡುಗೊರೆ ನೋಡಿ: ಫ್ರೆಂಚರಿಗೆ ನೆರವಾದರೆಂಬ ಅನುಮಾನದ ಮೇಲೆ ಕ್ಯಾಥೊಲಿಕರಿಗೂ ಅರ್ಮೇನಿಯನ್ನರಿಗೂ ಕೋಟೆಯೊಳಗಿನ ವೈಟ್ ಟೌನ್‌ನಲ್ಲಿ ಮನೆ ಇರಕೂಡದೆಂಬ ಆಜ್ಞೆ. 1688ರ ಒಪ್ಪಂದ ಕಾಗದದಲ್ಲೇ ಉಳಿಯಿತು. ಇಡೀ ಸಮುದಾಯವನ್ನು ಒಂದೇ ತಕ್ಕಡಿಯಲ್ಲಿ ತೂಗುವಾಗ ಉಸ್ಕಾನ್ ಕಳೆದುಕೊಂಡದ್ದರ ಲೆಕ್ಕ ಯಾರೂ ಇಡಲಿಲ್ಲ. ವೇಪೇರಿಯಲ್ಲಿ ಆತ ಕಟ್ಟಿಸಿದ್ದ ಮೇರಿಮಾತೆಯ ಚ್ಯಾಪೆಲ್ ಮೇಲೂ ಕಂಪನಿಯ ಕಣ್ಣು ಬಿತ್ತು. ಅದು ತನ್ನ ಸ್ವಂತ ದುಡ್ಡಿನದೆಂದು ಆತ ವಾದಿಸಿದ. ಆತ ತೀರಿಕೊಂಡ ಮರುವರ್ಷ, 1752ರಲ್ಲಿ, ಅದನ್ನು ಪ್ರೊಟೆಸ್ಟೆಂಟ್ ಮಿಷನರಿಗಳಿಗೆ ಕೊಟ್ಟರು. ಈಗ ಅಲ್ಲಿರುವುದು ಸೇಂಟ್ ಮಥಾಯಸ್ ಚರ್ಚ್.

ಈ ಭಾಗ ಓದುವಾಗ ನನಗೆ ನಮ್ಮ ಮನೆಯ ವಿಷಯ ನೆನಪಾಗುತ್ತಿತ್ತು. ಹೋದ ವರ್ಷ ನಾವು ಇಲ್ಲೇ ಫ್ಲಾಟ್ ಕೊಂಡೆವು. ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನೀವಿನ್ನು ಬರುವುದಿಲ್ಲ ಎಂದಾಯಿತು ಎಂದರು. ಹಾಗೇನಿಲ್ಲ ಅಮ್ಮ ಎಂದೆ. ಇಲ್ಲಿನವರಿಗೆ ನಾವು ಬೆಂಗಳೂರಿನವರು (ಶಿವಮೊಗ್ಗ ಎಂದರೂ ಅವರ ಕಿವಿಗೆ ಬೆಂಗಳೂರೇ), ಊರಿನಲ್ಲಿ ನಾವು ಮದ್ರಾಸಿನವರು. ಕಾವೇರಿ ಗಲಾಟೆಯಾದಾಗ ಎರಡೂ ಕಡೆ ಬಾಯಿ ಮುಚ್ಚಿಕೊಂಡಿರಬೇಕು.

ಉಸ್ಕಾನ್ 1751ರ ಜನವರಿ 15ರಂದು, ಸುಮಾರು ಎಪ್ಪತ್ತನೆಯ ವಯಸ್ಸಿನಲ್ಲಿ, ಮದ್ರಾಸಿನಲ್ಲೇ ತೀರಿಕೊಂಡ. ದೇಹವನ್ನು ವೇಪೇರಿಯ ಆ ಚ್ಯಾಪೆಲ್‌ನಲ್ಲಿ ಹೂಳಿದರು. ಆದರೆ ಅದಕ್ಕೆ ಮೊದಲು, ಆತನ ಇಚ್ಛೆಯಂತೆ, ಹೃದಯವನ್ನು ಬೇರೆ ತೆಗೆದು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಜುಲ್ಫಾಕ್ಕೆ ಕಳಿಸಿದರು. ಅಲ್ಲಿ ತನ್ನವರ ಮಣ್ಣಿನಲ್ಲಿ ಅದನ್ನು ಹೂಳಿದರು.

ಇದನ್ನು ಮಗಳಿಗೆ ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿಯೇಬಿಟ್ಟೆ. ಅವಳಿಗೆ ಹೃದಯದ ಪೆಟ್ಟಿಗೆಗಿಂತ ಮೆಟ್ಟಿಲಿನ ಲೆಕ್ಕ ಮುಖ್ಯವಾಗಿತ್ತು. ಅಂದು ಎಣಿಸುತ್ತಾ ಹತ್ತಿದವಳು ನಡುವೆ ಐಸ್‌ಕ್ರೀಂ ಗಲಾಟೆಯಲ್ಲಿ ತಪ್ಪಿಸಿಕೊಂಡಿದ್ದಳು. ಮುಂದಿನ ತಿಂಗಳು ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಮಂಡಿನೋವಿನ ಅಜ್ಜಿಯನ್ನು ಕೆಳಗೆ ಕೂರಿಸಿ, ಮತ್ತೆ ಒಂದರಿಂದ ಎಣಿಸಬೇಕಂತೆ.