ಮಕ್ಕಳ ಅಂಜಿಕೆ ಕಳೆದ ಪಂಜೆ ಮಂಗೇಶರಾಯರು

ಬಾಲ್ಯದಲ್ಲಿ ಶಾಲೆಗೆ ಹೋಗಲು ಅಳದವರು ನಮ್ಮಲ್ಲಿ ವಿರಳ. ಕೆಲವರ ಅಳು ವಾರದೊಳಗೆ ನಿಂತಿತು. ಕೆಲವರದು ಕಣ್ಣಿನಿಂದ ಇಳಿದು ಮನಸ್ಸಿನೊಳಗೆ ವರ್ಷಗಟ್ಟಲೆ ಉಳಿಯಿತು. ಪೀಣ್ಯದ ಕಾರ್ಖಾನೆಗಳ ಸುತ್ತಣ ಯಾವುದಾದರೊಂದು ಸರಕಾರಿ ಪ್ರಾಥಮಿಕ ಶಾಲೆಯ ಬಾಗಿಲಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಇದು ತಿಳಿಯುತ್ತದೆ. ಒಂದು ಮಗುವಿನ ತಂದೆ ರಾತ್ರಿಯ ಪಾಳಿ ಮುಗಿಸಿ ಬಂದು ಮಲಗಿರುತ್ತಾನೆ. ತಾಯಿ ಗಾರ್ಮೆಂಟ್ಸಿನ ಕೆಲಸಕ್ಕೆ ಹೊರಟುಹೋಗಿರುತ್ತಾಳೆ. ಇನ್ನೊಂದು ಮಗು ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಹಿಂದಿಯನ್ನೋ ಆಡಿ ಬಂದು, ತರಗತಿಯ ಕನ್ನಡದ ಮುಂದೆ ಬಾಯಿಲ್ಲದಂತೆ ಕುಳಿತಿರುತ್ತದೆ. ಇಂಥ ಮಕ್ಕಳ ಮನಸ್ಸಿನ ಆರೋಗ್ಯವನ್ನು ಕುರಿತು ಈಗ ಸಭೆಗಳು ನಡೆಯುತ್ತಿವೆ, ಸುತ್ತೋಲೆಗಳು ಹೊರಡುತ್ತಿವೆ. ಆ ಮಾತು ಬಳಕೆಗೆ ಬರುವುದಕ್ಕೆ ಬಹಳ ಮುಂಚೆಯೇ ಆ ಕೆಲಸವನ್ನು ಮಾಡಿದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿದ್ದರು. ಅವರೇ ಕವಿಶಿಷ್ಯರೆಂದು ಹೆಸರಾದ ಪಂಜೆ ಮಂಗೇಶರಾಯರು. ಅವರನ್ನು ಕವಿಗಳೆಂದು ನಾವೆಲ್ಲರೂ ಬಲ್ಲೆವು; ಉಪಾಧ್ಯಾಯರೆಂದೂ ಶಾಲಾ ಇನ್‌ಸ್ಪೆಕ್ಟರರೆಂದೂ ಬಲ್ಲವರು ಕಡಮೆ.

ಪಂಜೆಯವರು ಹುಟ್ಟಿದುದು 1874ನೆಯ ಇಸವಿ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಡದ ಬಂಟ್ವಾಳದಲ್ಲಿ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅವರ ಮನೆಮಾತು ಕೊಂಕಣಿ. ಪೇಟೆಯ ಮಾತು ತುಳು. ಕನ್ನಡವು ಶಾಲೆಯ ಮಾತು. ಮುಂದೆ ಕನ್ನಡದ ಮಕ್ಕಳಿಗೆಲ್ಲ ಹಾಡು ಕಟ್ಟಿಕೊಟ್ಟ ಈ ಕವಿಗೆ ಕನ್ನಡವು ತಾಯ ಮಡಿಲಲ್ಲಿ ಕಲಿತ ನುಡಿಯಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಮನೆಯ ಮಾತೊಂದು, ಶಾಲೆಯ ಮಾತೊಂದು ಆದಾಗ ಎಳೆಯ ಮಗುವಿಗೆ ಆಗುವ ತಬ್ಬಿಬ್ಬನ್ನು ಅವರು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಬಡತನವೂ ಅವರಿಗೆ ಹೊಸದಾಗಿರಲಿಲ್ಲ. ಮಂಗಳೂರಿನಲ್ಲಿ ಓದುತ್ತಿದ್ದ ಕಾಲಕ್ಕೆ ತಂದೆ ರಾಮಪ್ಪಯ್ಯನವರು ತೀರಿಕೊಂಡರು. ತಾಯಿಯ ಮತ್ತು ಒಡಹುಟ್ಟಿದವರ ಭಾರ ಎಳೆಯ ಹೆಗಲಿನ ಮೇಲೆ ಬಿತ್ತು. ಮನೆಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುತ್ತ ಅವರು ವಿದ್ಯೆಯನ್ನು ಮುಂದುವರಿಸಿದರು. 1896ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಕೆಲಸದಲ್ಲಿದ್ದುಕೊಂಡೇ ಬಿ.ಎ. ಮುಗಿಸಿ, ಉಪಾಧ್ಯಾಯರ ತರಬೇತಿಯ ಪದವಿಯನ್ನೂ ಪಡೆದು, ತರುವಾಯ ಶಾಲೆಗಳ ಇನ್‌ಸ್ಪೆಕ್ಟರರಾದರು.

ಆ ದಿನಗಳಲ್ಲಿ ಇನ್‌ಸ್ಪೆಕ್ಟರರ ಹೆಸರೆತ್ತಿದರೆ ಶಾಲೆಗೆ ಶಾಲೆಯೇ ನಡುಗುತ್ತಿತ್ತು. ಅದಕ್ಕೆ ಕಾರಣವಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನವು ಪರೀಕ್ಷೆಯ ಫಲವನ್ನು ನೋಡಿ ದೊರೆಯುವ ಪದ್ಧತಿ ಬೆಳೆದಿತ್ತು. ಇನ್‌ಸ್ಪೆಕ್ಟರರು ಬಂದು ಪ್ರಶ್ನೆ ಕೇಳುವರು. ಮಕ್ಕಳು ಉತ್ತರ ಹೇಳಿದರೆ ಹಣ ಬಂತು, ತಪ್ಪಿದರೆ ಹೋಯಿತು. ಹೀಗೆ ಮಗುವಿನ ನಾಲಗೆಯ ತುದಿಯಲ್ಲಿ ಉಪಾಧ್ಯಾಯನ ಅನ್ನವು ತೂಗಾಡುತ್ತಿತ್ತು. ಪದ್ಧತಿಯು ಮುಂದೆ ರದ್ದಾದರೂ ಅದು ಬೆಳೆಸಿದ ನಡತೆ ಬೇಗನೆ ಹೋಗಲಿಲ್ಲ. ಮೇಲಿನವರಿಗೆ ಅಂಜಿದ ಉಪಾಧ್ಯಾಯನು ತನ್ನ ಅಂಜಿಕೆಯನ್ನು ನಾಗರಬೆತ್ತದ ಮೂಲಕ ಮಕ್ಕಳಿಗೆ ದಾಟಿಸುತ್ತಿದ್ದನು. ಮಗುವಿಗೆ ಅದನ್ನು ದಾಟಿಸಲು ಇನ್ನು ಕೆಳಗೆ ಯಾರೂ ಇರಲಿಲ್ಲ. ಅದು ಮಗುವಿನಲ್ಲಿಯೇ ನಿಲ್ಲುತ್ತಿತ್ತು.

ಪಂಜೆಯವರು ಈ ಸರಪಣಿಯನ್ನು ಮೇಲಿನ ತುದಿಯಲ್ಲಿಯೇ ಕಡಿದರು. ಅವರು ಶಾಲೆಗೆ ತಪಾಸಣೆಗೆಂದು ಬಂದರೆ ಮೊದಲು ಮಕ್ಕಳ ನಡುವೆ ನಿಂತು ಕಥೆ ಹೇಳುವರು, ಹಾಡು ಹೇಳಿಕೊಡುವರು, ತಾವೇ ಪಾಠ ಮಾಡಿ ತೋರಿಸುವರು ಎಂಬುದು ಆ ಸೀಮೆಯಲ್ಲಿ ಮನೆಮಾತಾಗಿತ್ತು. ಇದರಿಂದ ಮಕ್ಕಳಿಗಿಂತ ಮೊದಲು ಉಪಾಧ್ಯಾಯನ ಎದೆ ಹಗುರವಾಗುತ್ತಿದ್ದಿರಬೇಕು. ತಪ್ಪು ಹುಡುಕಲು ಬಂದ ಅಧಿಕಾರಿಯಲ್ಲ, ಪಾಠ ಹೇಳಲು ಬಲ್ಲ ಹಿರಿಯನೆಂದು ಕಂಡಮೇಲೆ ಬೆತ್ತವು ತಾನಾಗಿಯೇ ಮೂಲೆ ಸೇರುತ್ತದೆ. ಅಧಿಕಾರದ ಡಂಭವನ್ನು ಅವರು ನಗೆಯಿಂದಲೂ ತಿದ್ದಿದರು. ಹಳೆಯ ಸಬ್ ಅಸಿಸ್ಟೆಂಟನ ಸುಳ್ಳು ಡೈರಿಯೆಂಬ ಅವರ ಹಾಸ್ಯ ಬರಹವು ಕಾಗದದ ಮೇಲೆ ಮಾತ್ರ ನಡೆಯುವ ಕೆಲಸವನ್ನು ಚೆನ್ನಾಗಿ ಬಯಲಿಗೆಳೆಯುತ್ತದೆ.

ಇನ್ನು ಅವರ ಹಾಡುಗಳ ಮಾತು. ಹಾವಿನ ಹಾಡನ್ನು ಬಾಯಿಪಾಠ ಮಾಡದ ಕನ್ನಡ ವಿದ್ಯಾರ್ಥಿ ಯಾರು? ಆ ಹಾಡಿನಲ್ಲಿ ಮಗುವು ಹಾವಿನೊಡನೆ ಮಾತಿಗಿಳಿಯುತ್ತದೆ. ಅದರ ಚಂದವನ್ನು ಹೊಗಳುತ್ತದೆ. ಕೈಮುಗಿದು ಹಾಲು ಕೊಡುವೆನೆನ್ನುತ್ತದೆ. ಕೊನೆಗೆ ಹೊರಟುಹೋಗೆಂದು ಬೇಡಿಕೊಳ್ಳುತ್ತದೆ. ಮಗುವಿಗೆ ಹೆದರಿಕೆಯಿಲ್ಲವೆಂದು ಕವಿ ಹೇಳಲಿಲ್ಲ. ಹೆದರಿಕೆಯನ್ನು ಒಳಗೆ ಅಡಗಿಸಿಡದೆ, ನಾಲ್ವರೊಡನೆ ಕೂಡಿ, ರಾಗ ಹಾಕಿ ಹೊರಗೆ ಹೇಳಿಬಿಡುವುದನ್ನು ಕಲಿಸಿದರು. ತೆಂಕಣ ಗಾಳಿಯಾಟವೂ ಹಾಗೆಯೇ. ಕರಾವಳಿಯ ಮಳೆಗಾಲದ ಬಿರುಗಾಳಿಗೆ ದೊಡ್ಡವರೇ ಬೆದರುವರು. ಆ ಗಾಳಿಯ ಸದ್ದನ್ನು ಮಕ್ಕಳ ಬಾಯಲ್ಲಿ ಆಟವಾಗಿಸಿದರು. ಗುಡುಗುಡು ಗುಮ್ಮಟ ದೇವರು, ಇಲಿಗಳ ಥಕಥೈ ಮೊದಲಾದ ಕಥೆಗಳಲ್ಲಿ ನೀತಿಯ ಉಪದೇಶಕ್ಕಿಂತ ನಗುವಿಗೆ ಹೆಚ್ಚು ಎಡೆಯಿದೆ. ಮಕ್ಕಳ ಪುಸ್ತಕಗಳಿಗಾಗಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವು ಹುಟ್ಟಿದಾಗ ಅದಕ್ಕೆ ಬೆನ್ನೆಲುಬಾಗಿ ನಿಂತವರಲ್ಲಿ ಅವರೊಬ್ಬರು.

1920ರ ದಶಕದಲ್ಲಿ ಅವರು ಕೊಡಗಿನಲ್ಲಿ ವಿದ್ಯಾ ಇಲಾಖೆಯ ಕೆಲಸದಲ್ಲಿದ್ದರು. ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆದರು. ಅಲ್ಲಿಯ ಮಕ್ಕಳಲ್ಲಿ ಅನೇಕರ ಮನೆಮಾತು ಕೊಡವ ನುಡಿ. ಹೊರಗಿನಿಂದ ಬಂದ ಈ ಉಪಾಧ್ಯಾಯರು ಆ ನಾಡಿನ ಸುಗ್ಗಿಯ ಹಬ್ಬವನ್ನೇ ಕುರಿತು ಹುತ್ತರಿಯ ಹಾಡನ್ನು ಕಟ್ಟಿದರು. ತನ್ನ ಊರಿನ ಬೆಟ್ಟ, ತನ್ನ ಮನೆಯ ಹಬ್ಬ, ತನ್ನ ಹಿರಿಯರ ಶೌರ್ಯ ಪಾಠದ ಕನ್ನಡದೊಳಕ್ಕೆ ಬಂದುದನ್ನು ಕಂಡ ಮಗುವಿಗೆ ಶಾಲೆಯು ಅನ್ಯರ ಮನೆಯಾಗಿ ಹೇಗೆ ತೋರೀತು? ಮಗುವಿಗೆ ಮರ್ಯಾದೆ ಕೊಡುವುದೆಂದರೆ ಇದೇ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಾಡು ಅಷ್ಟು ಗೌರವಿಸಿದ ಮೇಲೆಯೂ ಅವರ ಹೆಸರಿನೊಡನೆ ಉಳಿದುದು ಕವಿಶಿಷ್ಯ ಎಂಬ ಅಂಕಿತವೇ. ಜನ್ಮವೆಲ್ಲ ಗುರುವಾಗಿದ್ದವರು ತಮ್ಮನ್ನು ಶಿಷ್ಯರೆಂದು ಕರೆದುಕೊಂಡರು. ಶಿಷ್ಯನು ಕೂರುವ ಮಣೆ ಹೇಗಿರುತ್ತದೆಂಬುದನ್ನು ಅವರು ಮರೆಯಲಿಲ್ಲ.

ಅವರೊಬ್ಬರಿಂದ ನಾಡಿನ ಶಾಲೆಗಳ ಬೆತ್ತವೆಲ್ಲ ಮುರಿದುಬಿತ್ತೆಂದು ಹೇಳಿದರೆ ಅದು ಹೊಗಳಿಕೆಯಾದೀತು, ನಿಜವಾಗಲಾರದು. ಅವರು ಹೋದ ಮೇಲೆಯೂ ಎಷ್ಟೋ ತಲೆಮಾರಿನ ಮಕ್ಕಳು ಪೆಟ್ಟು ತಿಂದರು. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಕೂಡದೆಂದು ದೇಶದ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸಿದುದು 2009ರಲ್ಲಿ. ಹಾಡಿನಿಂದ ಎಲ್ಲ ನೋವೂ ಮಾಯವಾಗದು ಎಂಬುದೂ ನಿಜವೇ. ದಿನಗಟ್ಟಲೆ ಮಾತು ಬಿಟ್ಟ, ಊಟ ನಿದ್ದೆ ಕೆಟ್ಟ ಮಗುವಿಗೆ ವೈದ್ಯರ ನೆರವು ಬೇಕು. ಅದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯಿದೆ. ಆದರೆ ಮಗು ಮಾತು ಬಿಟ್ಟಿತೆಂಬುದನ್ನು ಮೊದಲು ಕಾಣಬೇಕಾದವರು ತರಗತಿಯ ಉಪಾಧ್ಯಾಯರು. ತಾವೇ ಹೆದರಿ ಕುಳಿತವರಿಗೆ ಅದು ಕಾಣಿಸುವುದಿಲ್ಲ. ಫಲಿತಾಂಶದ ಶೇಕಡಾವಾರು ಲೆಕ್ಕವನ್ನು ಮುಂದಿಟ್ಟುಕೊಂಡು ಉಪಾಧ್ಯಾಯರನ್ನು ಬೆದರಿಸುವ ರೂಢಿ ನಮ್ಮ ಕಾಲದಲ್ಲಿಯೂ ಪೂರ್ತಿ ಹೋಗಿಲ್ಲ. ಮಕ್ಕಳ ಮನಸ್ಸು ನೆಮ್ಮದಿಯಾಗಿರಬೇಕಾದರೆ ಅವರಿಗೆ ಕಲಿಸುವವರ ಮನಸ್ಸೂ ನೆಮ್ಮದಿಯಾಗಿರಬೇಕು. ಪಂಜೆಯವರ ಬಾಳಿನಿಂದ ನಾವು ಕಲಿಯತಕ್ಕ ಪಾಠವಿದು.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಪದವಿ ಮುಗಿಸಿ ಬಿ.ಎಡ್. ಓದಿ ಉಪಾಧ್ಯಾಯರಾಗುವವರಿದ್ದೇವೆ. ಪೀಣ್ಯದಲ್ಲಿಯೋ ವೈಟ್‌ಫೀಲ್ಡಿನಲ್ಲಿಯೋ ಒಂದು ಶಾಲೆ ನಮ್ಮ ಪಾಲಿಗೆ ಬಂದೀತು. ಮೊದಲ ದಿನ ಹಿಂದಿನ ಸಾಲಿನಲ್ಲಿ, ಬಾಯಿ ತೆರೆಯದ ಒಂದು ಮಗು ಕುಳಿತಿರುತ್ತದೆ. ಅಂದು ಹಾಜರಿ ಪುಸ್ತಕವನ್ನು ಒಂದು ಗಳಿಗೆ ಮುಚ್ಚಿಟ್ಟು, ಆ ಮಗುವಿನ ಹೆಸರನ್ನು ಕೇಳಿ, ಎಲ್ಲರೊಡನೆ ಒಂದು ಹಾಡನ್ನು ಹಾಡಿಸಿದರೆ, ಪಂಜೆಯವರ ಋಣದಲ್ಲಿ ಸ್ವಲ್ಪವನ್ನಾದರೂ ತೀರಿಸಿದಂತಾಗುವುದು.