ಜಾವಾ ಹೆಸರಿನಲ್ಲಿ ಅಡಗಿರುವ ಎಂಜಿನಿಯರ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸೀಮೆಯಲ್ಲಿ ಐವತ್ತು ದಾಟಿದ ಯಾರಿಗೇ ಆಗಲಿ, 'ಜಾವಾ' ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ ರೈತನ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ ಮೋಟಾರ್ ಸೈಕಲ್ ಅದು. ನಾನು ಬಲ್ಲ ಗಾವಡಗೆರೆ ಹೋಬಳಿಯ ಮಣ್ಣುರಸ್ತೆಗಳಲ್ಲಿ ಗಾಡಿ ಕಣ್ಣಿಗೆ ಬೀಳುವ ಮೊದಲೇ, ಬರುತ್ತಿರುವವರು ಯಾರೆಂದು ಅದರ ಸದ್ದಿನಿಂದಲೇ ಹೇಳಬಲ್ಲವರಿದ್ದರು. ಆದರೆ ಆ ಹೆಸರಿನ ಅರ್ಧ ಭಾಗ ಒಬ್ಬ ಮನುಷ್ಯನದು ಎಂಬುದನ್ನು ಅರಿತವರು ಕಡಿಮೆ. ಆತ ಫ್ರಾಂಟಿಶೆಕ್ ಯಾನೆಚೆಕ್. ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಜರ್ಮನಿಯ 'ವಾಂಡರರ್' ಕಂಪೆನಿಯ ಮೊದಲೆರಡು ಅಕ್ಷರಗಳನ್ನೂ ಕೂಡಿಸಿದಾಗ ಹುಟ್ಟಿದ ಹೆಸರಿದು. ಚೆಕ್ ಜನ ಅದನ್ನು 'ಯಾವಾ' ಎನ್ನುತ್ತಾರೆ. ಇಂಗ್ಲಿಷಿನ ದಾರಿಯಿಂದ ನಮ್ಮಲ್ಲಿಗೆ ಬಂದು ಅದು ಜಾವಾ ಆಯಿತು.

ಈತನನ್ನು ಈಗ ನೆನೆಯಲು ಕಾರಣವಿದೆ. ಮೈಸೂರಿನಲ್ಲಿ ತಯಾರಾದ ಜಾವಾಗಳೆಲ್ಲ ಇಂದು ಐವತ್ತರ ಗಡಿಯನ್ನು ದಾಟಿವೆ. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ ಖಾಸಗಿ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಿ 'ವಿಎ' ಅಕ್ಷರಗಳಿರುವ ಸಂಖ್ಯೆಯನ್ನು ಪಡೆಯಬಹುದು. ಆದರೆ ಅದು ಮೂಲ ಸ್ವರೂಪದಲ್ಲೇ ಇರಬೇಕು. ಚಾಸಿ, ಕವಚ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಅಂದರೆ ಮುಟ್ಟದೆ ಕಾಪಾಡಿದ ಯಂತ್ರಕ್ಕೆ ಪರಂಪರೆಯ ಪಟ್ಟ ಸಿಗುತ್ತದೆ. ದುಡಿಯುತ್ತ, ಕೆಡುತ್ತ, ರಿಪೇರಿಯಾಗುತ್ತ, ಬದಲಾಗುತ್ತ ಬಂದ ಯಂತ್ರಕ್ಕೆ ಸಿಗುವುದಿಲ್ಲ. ಈ ವಿಂಗಡಣೆ ಎಷ್ಟು ಸರಿ ಎಂಬುದನ್ನು ಯಾನೆಚೆಕ್‌ನ ಬದುಕಿನ ಬೆಳಕಿನಲ್ಲಿ ನೋಡುವುದು ಉಚಿತವೆಂದು ನನಗೆ ತೋರುತ್ತದೆ.

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ ಬೊಹೀಮಿಯಾದ ಪೂರ್ವಭಾಗದ ಒಂದು ಹಳ್ಳಿಯಲ್ಲಿ. ಪ್ರಾಗ್ ಮತ್ತು ಬರ್ಲಿನ್‌ಗಳಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಕೆಲಕಾಲ ನೆದರ್‌ಲ್ಯಾಂಡ್ಸ್‌ನಲ್ಲಿ ದುಡಿದು, ಮರಳಿ ಪ್ರಾಗ್ ಸೇರಿ ಸ್ವಂತ ಕಾರ್ಯಾಗಾರ ತೆರೆದ. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯದ ಸೈನಿಕನಾಗಿ ಇಟಲಿಯ ರಣರಂಗಕ್ಕೆ ಹೋಗಬೇಕಾಯಿತು. ಕಂಡ ಯಂತ್ರವನ್ನು ಹೇಗೆ ಸುಧಾರಿಸಬಹುದೆಂದು ಯೋಚಿಸುವ ಅವನ ಬುದ್ಧಿ ಅಲ್ಲಿಯೂ ಸುಮ್ಮನಿರಲಿಲ್ಲ. ಕೈಬಾಂಬಿನ ಸುಧಾರಣೆಗಾಗಿ ಅವನು ಹಕ್ಕುಸ್ವಾಮ್ಯ ಪಡೆದ. ಯುದ್ಧದ ನಂತರ ಹುಟ್ಟಿದ ಚೆಕೊಸ್ಲೊವಾಕಿಯ ಗಣರಾಜ್ಯದಲ್ಲಿ ಶಸ್ತ್ರಾಸ್ತ್ರ ತಯಾರಕನಾಗಿ ಬೆಳೆದ. ಅವನ ಹೆಸರಿನಲ್ಲಿದ್ದ ಅನೇಕ ಹಕ್ಕುಸ್ವಾಮ್ಯಗಳಲ್ಲಿ ದೊಡ್ಡ ಪಾಲು ಯುದ್ಧ ಸಾಮಗ್ರಿಗಳಿಗೇ ಸಂಬಂಧಿಸಿದ್ದು. ಜಾವಾ ಪ್ರಿಯರು ಹೇಳುವ ಕಥೆಗಳಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಬಿಡಬಾರದು. ನಮ್ಮ ಹಳ್ಳಿಗಳ ಬಂಡಿಜಾಡಿನಲ್ಲಿ ಓಡಿದ ಯಂತ್ರದ ಮೂಲ ಬಂಡವಾಳ ಬಂದದ್ದು ಆಯುಧ ವ್ಯಾಪಾರದಿಂದ.

1920ರ ದಶಕದ ಕೊನೆಯ ಹೊತ್ತಿಗೆ ಆಯುಧಗಳಿಗೆ ಬೇಡಿಕೆ ಇಳಿಯಿತು. ಯಂತ್ರಗಳಿದ್ದವು, ನುರಿತ ಕೆಲಸಗಾರರಿದ್ದರು, ಮಾಡಲು ಕೆಲಸವಿರಲಿಲ್ಲ. ಆಗ ಯಾನೆಚೆಕ್ ಮೋಟಾರ್ ಸೈಕಲ್ ಕಡೆಗೆ ಹೊರಳಿದ. ಗಮನಿಸಬೇಕಾದ ಸಂಗತಿಯೆಂದರೆ, ಅವನು ಹೊಸದೊಂದನ್ನು ಕಂಡುಹಿಡಿಯಲು ಹೊರಡಲಿಲ್ಲ. ಕೆಮ್ನಿಟ್ಸ್ ನಗರದ ವಾಂಡರರ್ ಕಂಪೆನಿ ಮೋಟಾರ್ ಸೈಕಲ್ ತಯಾರಿಕೆಯಿಂದ ಹಿಂದೆ ಸರಿಯುತ್ತಿತ್ತು. ಅದರ 500 ಸಿ.ಸಿ. ಮಾದರಿಯ ಹಕ್ಕುಗಳನ್ನೂ ತಯಾರಿಕೆಯ ಸಲಕರಣೆಗಳನ್ನೂ ಅವನು ಕೊಂಡ. ಒಬ್ಬರು ಕೈಬಿಟ್ಟ ಯಂತ್ರ ಇನ್ನೊಬ್ಬನ ಕೈಯಲ್ಲಿ 1929ರಲ್ಲಿ ಮೊದಲ ಜಾವಾ ಆಯಿತು. ಹಿಂದಿನ ಚಕ್ರಕ್ಕೆ ಚೈನಿನ ಬದಲು ಶಾಫ್ಟ್, ಕೊಳವೆಗಳ ಬದಲು ಒತ್ತಿದ ಉಕ್ಕಿನ ಹಾಳೆಗಳಿಂದ ಮಾಡಿದ ಚೌಕಟ್ಟು: ಕಾಣಲು ಭವ್ಯವಾದ ಗಾಡಿ. ಆದರೆ ಅದು ದುಬಾರಿಯಾಗಿತ್ತು, ದೋಷಗಳಿಂದಲೂ ಮುಕ್ತವಾಗಿರಲಿಲ್ಲ. ಅಷ್ಟರಲ್ಲಿ ಜಗತ್ತನ್ನೇ ಆರ್ಥಿಕ ಕುಸಿತ ಆವರಿಸಿತು.

ಬೇರೊಬ್ಬನಾಗಿದ್ದರೆ ಅಲ್ಲಿಗೆ ಅಂಗಡಿ ಮುಚ್ಚುತ್ತಿದ್ದನೇನೋ. ಯಾನೆಚೆಕ್ ಮತ್ತೆ ಹೊರಗಿನ ನೆರವನ್ನು ಅರಸಿದ. ಬ್ರಿಟನ್ನಿನ ಓಟಗಾರ ಹಾಗೂ ವಿನ್ಯಾಸಕಾರ ಜಾರ್ಜ್ ವಿಲಿಯಂ ಪ್ಯಾಚೆಟ್‌ನನ್ನು ಕರೆಸಿಕೊಂಡ. ಬ್ರಿಟನ್ನಿನದೇ ವಿಲಿಯರ್ಸ್ ಕಂಪೆನಿಯ 175 ಸಿ.ಸಿ. ಟೂ ಸ್ಟ್ರೋಕ್ ಎಂಜಿನ್ ಬಳಸಿ 1932ರಲ್ಲಿ ಅಗ್ಗದ, ಹಗುರವಾದ ಗಾಡಿಯನ್ನು ಹೊರತಂದ. ಅದು ಜನರ ಕೈಗೆಟುಕಿತು, ಕಂಪೆನಿ ಉಳಿಯಿತು. ಕವಾಟಗಳಿಲ್ಲದ, ಚಲಿಸುವ ಬಿಡಿಭಾಗಗಳು ಕಡಿಮೆಯಿರುವ ಟೂ ಸ್ಟ್ರೋಕ್ ಎಂಜಿನ್ ಜಾವಾದ ಗುರುತಾದದ್ದು ಆಗಿನಿಂದಲೇ. ಮೂವತ್ತು ವರ್ಷಗಳ ನಂತರ ನಮ್ಮ ಹೋಬಳಿ ಕೇಂದ್ರಗಳ ರಿಪೇರಿ ಅಂಗಡಿಗಳಲ್ಲಿ ನಾಲ್ಕಾರು ಸ್ಪ್ಯಾನರುಗಳಿಂದಲೇ ಅದನ್ನು ಬಿಚ್ಚಿ ಜೋಡಿಸಲು ಸಾಧ್ಯವಾದದ್ದಕ್ಕೂ ಆ ಸರಳತೆಯೇ ಕಾರಣ.

ಜಾವಾ ಕಾರುಗಳನ್ನೂ ತಯಾರಿಸಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಇಲ್ಲಿಯೂ ಯಾನೆಚೆಕ್‌ನ ಕ್ರಮ ಬದಲಾಗಲಿಲ್ಲ. ಜರ್ಮನಿಯ ಡಿಕೆಡಬ್ಲ್ಯು ಕಂಪೆನಿಯ ಪರವಾನಗಿ ಪಡೆದು, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಇದ್ದ ಪುಟ್ಟ 'ಜಾವಾ 700' ಕಾರನ್ನು 1934ರಲ್ಲಿ ಮಾರುಕಟ್ಟೆಗೆ ತಂದ. ಆ ವರ್ಷಗಳಲ್ಲಿ ಪ್ರಾಗ್ ಮತ್ತು ಬ್ರಾಟಿಸ್ಲಾವಾ ನಡುವೆ ಹೋಗಿ ಬರುವ 'ಸಾವಿರ ಮೈಲಿ'ಯ ಕಾರ್ ಓಟ ಜನಪ್ರಿಯವಾಗಿತ್ತು. 1935ರ ಓಟಕ್ಕಾಗಿ ಅವನ ಕಾರ್ಖಾನೆ ಅದೇ ಸಂಸಾರಸ್ಥರ ಕಾರಿನ ತಳಹದಿಯ ಮೇಲೆ, ಗಾಳಿಯನ್ನು ಸೀಳುವ ತಗ್ಗಾದ ಮೈಕಟ್ಟು ಕೂರಿಸಿ 'ಜಾವಾ 750' ಎಂಬ ಬೆರಳೆಣಿಕೆಯ ಸ್ಪೋರ್ಟ್ಸ್ ಕಾರುಗಳನ್ನು ಕಟ್ಟಿತು. ಇನ್ನೊಬ್ಬರ ವಿನ್ಯಾಸವನ್ನು ತಿದ್ದಿ, ತಿದ್ದಿದ್ದನ್ನು ಮತ್ತೆ ತಿದ್ದಿ ಪಡೆದ ವೇಗವದು. ಸ್ವಂತ ವಿನ್ಯಾಸದ 'ಜಾವಾ ಮೈನರ್' ಬಂದದ್ದು ಆಮೇಲೆ, 1937ರಲ್ಲಿ. ಅವನು ನೆರವು ಪಡೆದ ವಾಂಡರರ್ ಮತ್ತು ಡಿಕೆಡಬ್ಲ್ಯು 1932ರಲ್ಲಿ ಆಡಿ, ಹಾರ್ಕ್ ಕಂಪೆನಿಗಳೊಂದಿಗೆ ಒಂದಾದವು. ಇಂದಿನ ಆಡಿ ಕಾರುಗಳ ಮೂತಿಯ ಮೇಲಿನ ನಾಲ್ಕು ಬಳೆಗಳಲ್ಲಿ ಎರಡು ಅವುಗಳ ಗುರುತು.

1939ರಲ್ಲಿ ಹಿಟ್ಲರನ ಸೇನೆ ಪ್ರಾಗ್ ಪ್ರವೇಶಿಸಿತು. ಕಾರ್ಖಾನೆ ಜರ್ಮನ್ ಸೇನೆಗಾಗಿ ದುಡಿಯಬೇಕಾಯಿತು. ಯುದ್ಧ ಮುಗಿದ ಮೇಲೆ ಬೇಕಾಗುವ ನಾಗರಿಕ ಮೋಟಾರ್ ಸೈಕಲ್ಲಿನ ಕೆಲಸವನ್ನು ಅಲ್ಲಿನ ಎಂಜಿನಿಯರುಗಳು ಆಳುವವರ ಕಣ್ಣು ತಪ್ಪಿಸಿ ಮುಂದುವರಿಸಿದರು. ಯಾನೆಚೆಕ್ ಅದರ ಫಲವನ್ನು ಕಾಣಲಿಲ್ಲ. 1941ರ ಜೂನ್ 4ರಂದು, 63ನೆಯ ವಯಸ್ಸಿನಲ್ಲಿ, ಪರಾಧೀನ ದೇಶದಲ್ಲಿ ತೀರಿಕೊಂಡ. 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಮೆರೆದ 250 ಸಿ.ಸಿ. 'ಪೆರಾಕ್' ಆ ಗುಟ್ಟಿನ ದುಡಿಮೆಯ ಫಲ. ಗೇರ್ ಬದಲಿಸುವಾಗ ತಾನಾಗಿಯೇ ಬಿಡುವ ಕ್ಲಚ್, ಎಂಜಿನನ್ನೂ ಗೇರ್ ಪೆಟ್ಟಿಗೆಯನ್ನೂ ಒಂದೇ ಮೊಟ್ಟೆಯಾಕಾರದ ಕವಚದೊಳಗಿಟ್ಟ ಅಂದ, ಎಲ್ಲವೂ ಅದರಲ್ಲಿದ್ದವು. ಯುದ್ಧಾನಂತರ ಕಾರ್ಖಾನೆ ರಾಷ್ಟ್ರೀಕರಣಗೊಂಡಿತು. ಹೆಸರಿನಲ್ಲಿ ಮಾತ್ರ ಯಾನೆಚೆಕ್ ಉಳಿದ.

ಆ ವಂಶದ ಇನ್ನೊಂದು ಕುಡಿ 1961ರಲ್ಲಿ ಮೈಸೂರಿಗೆ ಬಂತು. ಮುಂಬೈನ ಇರಾನಿ ಕುಟುಂಬದವರು ಇಲ್ಲಿ ಸ್ಥಾಪಿಸಿದ 'ಐಡಿಯಲ್ ಜಾವಾ' ಕಾರ್ಖಾನೆ ಚೆಕ್ ಪರವಾನಗಿಯಡಿ 250 ಸಿ.ಸಿ. ಗಾಡಿಗಳನ್ನು ತಯಾರಿಸತೊಡಗಿತು. ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗುವ ಚಮತ್ಕಾರ ನಮ್ಮವರನ್ನು ಬೆರಗುಗೊಳಿಸಿತು. ಪರವಾನಗಿಯ ಅವಧಿ ಮುಗಿದ ಮೇಲೆ, 1973ರಿಂದ ಅದೇ ಗಾಡಿ 'ಯೆಜ್ಡಿ' ಎಂಬ ಹೊಸ ಹೆಸರು ಪಡೆಯಿತು; 1978ರಲ್ಲಿ 'ರೋಡ್‌ಕಿಂಗ್' ಬಂತು. ಚೆಕ್ ಮೂಲವನ್ನು ಮೈಸೂರಿನ ಕೆಲಸಗಾರರು ತಮ್ಮದಾಗಿಸಿಕೊಂಡು ಮುಂದೆ ಬೆಳೆಸಿದರು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ನೂರಾರು ಸಂಸಾರಗಳು ಬೀದಿಗೆ ಬಿದ್ದವು. ಅಲ್ಲಿ ದುಡಿದವರಲ್ಲಿ ಕೆಲವರು ಮೈಸೂರು ಮತ್ತು ಸುತ್ತಲ ಊರುಗಳಲ್ಲಿ ಗ್ಯಾರೇಜು ತೆರೆದರು. ಕಂಪೆನಿ ಸತ್ತ ಮೇಲೂ ಗಾಡಿಗಳು ಓಡಿದ್ದು ಇವರಿಂದ.

ಬಿಡಿಭಾಗ ಬರುವುದು ನಿಂತಾಗ ಮಾರ್ಪಾಡು ಅನಿವಾರ್ಯವಾಗುತ್ತದೆ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಒಂದು ಅಳತೆ ದೊಡ್ಡದಾದ ಪಿಸ್ಟನ್ ಕೂರಿಸಬೇಕು. ಕ್ರ್ಯಾಂಕಿನ ಆಯಿಲ್ ಸೀಲ್ ಹರಿದರೆ ಗೇರ್ ಪೆಟ್ಟಿಗೆಯ ಎಣ್ಣೆ ಎಂಜಿನ್ನಿಗೆ ನುಗ್ಗಿ ಬಿಳಿ ಹೊಗೆ ಕಾರುತ್ತದೆ. ಹೊಂದುವ ಸೀಲನ್ನು ಇನ್ನಾವುದೋ ಯಂತ್ರದಿಂದ ಹುಡುಕಿ ತರಬೇಕು. ಮಂಕು ದೀಪದ ಆರು ವೋಲ್ಟ್ ವ್ಯವಸ್ಥೆಯನ್ನು ಹನ್ನೆರಡು ವೋಲ್ಟಿಗೆ ಏರಿಸುವುದು, ಪದೇ ಪದೇ ಕೈಕೊಡುವ ಪಾಯಿಂಟ್ ಮತ್ತು ಕಂಡೆನ್ಸರ್‌ಗಳ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸುವುದು ಸಾಮಾನ್ಯವಾದವು. ಇದಾವುದೂ ಶೋಕಿಗಾಗಿ ಮಾಡಿದ್ದಲ್ಲ. ರಾತ್ರಿ ಎಚ್.ಡಿ. ಕೋಟೆಯ ಕಾಡಂಚಿನ ರಸ್ತೆಯಲ್ಲಿ ಗಾಡಿ ನಿಲ್ಲಬಾರದು ಎಂಬ ಅಗತ್ಯದಿಂದ ಹುಟ್ಟಿದ್ದು.

ಈಗ ಚಿತ್ರ ಬದಲಾಗಿದೆ. ಹಳೆಯ ಜಾವಾ, ಯೆಜ್ಡಿಗಳು ನಗರದ ಹವ್ಯಾಸಿಗಳ ಒಲವಿನ ವಸ್ತುಗಳಾಗಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅವುಗಳ 'ದಿನಾಚರಣೆ' ನಡೆಯುತ್ತದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಫೋರ್ ಸ್ಟ್ರೋಕ್ ಎಂಜಿನ್ನಿನೊಂದಿಗೆ ಮಾರುಕಟ್ಟೆಗೆ ಮರಳಿದವು. ತಯಾರಿಕೆ ಮಾತ್ರ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಹಳೆಯ ಗಾಡಿಗೆ ಬೇಡಿಕೆ ಬಂದದ್ದು ಸಂತೋಷವೇ. ಆದರೆ ಬಿಡಿಭಾಗಗಳ ವ್ಯಾಪಾರಕ್ಕೆ ಇನ್ನೊಂದು ಮುಖವೂ ಇದೆ. ಇಡೀ ಗಾಡಿಗಿಂತ ಕಳಚಿದ ಭಾಗಗಳಿಗೇ ಹೆಚ್ಚು ಹಣ ಹುಟ್ಟುವಾಗ, ಓಡುವ ಸ್ಥಿತಿಯಲ್ಲಿರುವ ಗಾಡಿಯನ್ನೇ ಬಿಚ್ಚಿ ಮಾರುವವರಿದ್ದಾರೆ. ಹಳ್ಳಿಯ ಹಿರಿಯನಿಂದ ಗುಜರಿ ಬೆಲೆಗೆ ಕೊಂಡದ್ದು ಬೆಂಗಳೂರಿನಲ್ಲಿ ಟ್ಯಾಂಕಾಗಿ, ಕಾರ್ಬೊರೇಟರಾಗಿ, ಸ್ಪೀಡೋಮೀಟರಾಗಿ ಹಂಚಿಹೋಗುತ್ತದೆ. 'ಮೂಲ' ಭಾಗಕ್ಕೇ ಬೆಲೆ ಎಂದಾದಾಗ, ಹಳ್ಳಿಯ ಮೆಕ್ಯಾನಿಕ್ ಮೂವತ್ತು ವರ್ಷ ಹಾಕಿದ ತೇಪೆಗಳು ಕಿತ್ತೆಸೆಯಬೇಕಾದ ಕಸವಾಗುತ್ತವೆ.

ಮಾರ್ಪಾಡಿಗೆ ಯಾವ ಮಿತಿಯೂ ಬೇಡವೆಂದು ನಾನು ವಾದಿಸುತ್ತಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೈಲೆನ್ಸರ್ ಕಿತ್ತು ಊರಿನ ನಿದ್ದೆ ಕೆಡಿಸುವವರನ್ನು ನೋಡಿದರೆ ಅದರ ಅಗತ್ಯ ಮನದಟ್ಟಾಗುತ್ತದೆ. ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಸುಡುವ ಟೂ ಸ್ಟ್ರೋಕ್ ಗಾಡಿ ಗಾಳಿಯನ್ನು ಕೆಡಿಸುತ್ತದೆ ಎಂಬುದೂ ನಿಜ. ಆದರೆ ಮೂಲ ತಯಾರಕನೇ ಇಲ್ಲದ ಗಾಡಿಯ ವಿಷಯದಲ್ಲಿ ಮೂಲ ವಿವರಗಳನ್ನು ಪೂರೈಸುವವರು ಯಾರು? ಅದನ್ನು ಸುರಕ್ಷಿತವಾಗಿ ಓಡಿಸಲು ಮಾಡಿದ ದುರಸ್ತಿಯನ್ನೂ, ಸದ್ದಿಗಾಗಿ ಮಾಡಿದ ಪುಂಡಾಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ದೀಪ, ಬ್ರೇಕು, ಇಗ್ನಿಷನ್‌ಗಳ ಸುಧಾರಣೆಯನ್ನು ಪರೀಕ್ಷಿಸಿ, ಒಪ್ಪಿ, ದಾಖಲಿಸುವ ಸರಳ ವ್ಯವಸ್ಥೆಯೊಂದು ಸಾರಿಗೆ ಇಲಾಖೆಯಲ್ಲಿ ಇರಬೇಕು. ವಿಂಟೇಜ್ ಪಟ್ಟದ ಪಕ್ಕದಲ್ಲಿ, ದುಡಿದು ಬದುಕಿದ ಹಳೆಯ ಯಂತ್ರಕ್ಕೂ ಒಂದು ಮಾನ್ಯತೆ ಇರಬೇಕು.

ಅದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ. ಮೈಸೂರು ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರಿಗೆ ಈಗ ವಯಸ್ಸಾಗಿದೆ. ಯಾವ ಸೀಲಿಗೆ ಯಾವುದು ಬದಲಿ, ಪಿಸ್ಟನ್ನಿಗೆ ಎಷ್ಟು ಸಂದು ಬಿಡಬೇಕು, ಕಿವಿಗೊಟ್ಟು ಯಾವ ಸದ್ದಿನಿಂದ ಯಾವ ದೋಷ ಹಿಡಿಯಬೇಕು ಎಂಬ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಪೂರ್ತಿಯಾಗಿ ಇಲ್ಲ. ಮೈಸೂರು ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಗಳು ಅವರನ್ನು ಕರೆಸಿ, ಅವರ ಅನುಭವವನ್ನು ಕನ್ನಡದಲ್ಲಿ ಬರೆಸಿಟ್ಟು, ಹುಡುಗರ ಕೈಗೆ ಸ್ಪ್ಯಾನರ್ ಕೊಡಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ.

ಯಾನೆಚೆಕ್ ಭಾರತವನ್ನು ನೋಡಲಿಲ್ಲ, ಮೈಸೂರಿನ ಹೆಸರನ್ನು ಕೇಳಿದ್ದನೋ ಇಲ್ಲವೋ. ಅವನು ಜರ್ಮನರು ಬಿಟ್ಟದ್ದನ್ನು ಎತ್ತಿಕೊಂಡ, ಬ್ರಿಟಿಷರಿಂದ ಎಂಜಿನ್ ತಂದ, ಎಲ್ಲವನ್ನೂ ತನ್ನ ನೆಲಕ್ಕೆ, ತನ್ನ ಜನರ ಜೇಬಿಗೆ ಹೊಂದುವಂತೆ ತಿದ್ದಿದ. ಗಾವಡಗೆರೆ ಸೀಮೆಯ ಮೆಕ್ಯಾನಿಕ್ಕುಗಳು ಮಾಡಿದ್ದೂ ಅದನ್ನೇ. ಅವರು ತಿದ್ದಿ ಓಡಿಸಿದ ಗಾಡಿಗಳು 'ಮೂಲ'ವಲ್ಲ ಎಂದು ತಳ್ಳಿಹಾಕುವುದಾದರೆ, 1929ರ ಮೊದಲ ಜಾವಾವನ್ನೂ ಅದೇ ಕಾರಣಕ್ಕೆ ತಳ್ಳಿಹಾಕಬೇಕಾಗುತ್ತದೆ.