ಮೆದುಳಿನ ನಕ್ಷೆಗಾರ ವೈಲ್ಡರ್ ಪೆನ್‌ಫೀಲ್ಡ್

ವೈಲ್ಡರ್ ಪೆನ್‌ಫೀಲ್ಡ್ 1891ರಲ್ಲಿ ಅಮೆರಿಕದ ಸ್ಪೋಕೇನ್ ನಗರದಲ್ಲಿ ಜನಿಸಿದರು. ಪ್ರಿನ್ಸ್‌ಟನ್ನಿನಲ್ಲಿ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡ್ ಸೇರಿದಾಗ ಅವರಿಗೆ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ಅವರ ಶಿಷ್ಯತ್ವ ಲಭಿಸಿತು. ನರಮಂಡಲದ ಅಧ್ಯಯನದತ್ತ ಅವರ ಮನಸ್ಸು ಒಲಿದದ್ದು ಅಲ್ಲಿಯೇ. ಶಸ್ತ್ರವೈದ್ಯರಾದ ಮೇಲೂ ಅವರ ಕಲಿಕೆ ನಿಲ್ಲಲಿಲ್ಲ. 1924ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ಡಿಗೆ ತೆರಳಿ, ಮೆದುಳಿನ ಕೋಶಗಳಿಗೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆಯನ್ನು ರೀಯೊ ಒರ್ತೇಗಾ ಅವರಿಂದ ಕಲಿತರು.

1928ರಲ್ಲಿ ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಬಂದರು. ಅದೇ ವರ್ಷದ ಕೊನೆಯಲ್ಲಿ ಕಠಿಣ ಪರೀಕ್ಷೆಯೊಂದು ಎದುರಾಯಿತು. ಬಹುಕಾಲದಿಂದ ಮೂರ್ಛೆಯಿಂದ ಬಳಲುತ್ತಿದ್ದ ಅಕ್ಕ ರೂತ್ ಅವರ ಮೆದುಳಿನ ಮುಂಭಾಗದಲ್ಲಿ ಗೆಡ್ಡೆಯಿರುವುದು ತಿಳಿಯಿತು. ತಮ್ಮನೇ ಶಸ್ತ್ರಚಿಕಿತ್ಸೆ ನಡೆಸಿದರು. ಗೆಡ್ಡೆಯನ್ನು ಪೂರ್ತಿ ತೆಗೆಯಲಾಗಲಿಲ್ಲವಾದರೂ ಅಕ್ಕ ಚೇತರಿಸಿಕೊಂಡು ಮಕ್ಕಳ ಬಳಿಗೆ ಮರಳಿದರು. ಅವರ ಮಾತು, ನೆನಪು, ಸ್ವಭಾವ ಎಲ್ಲವೂ ಮೊದಲಿನಂತೆಯೇ ತೋರುತ್ತಿದ್ದವು. ಒಂದು ಸಂಜೆ ತಮ್ಮ ಊಟಕ್ಕೆ ಬರುವನೆಂದು ಅಡುಗೆಗೆ ಇಳಿದರು. ಸಾಮಗ್ರಿಯೆಲ್ಲ ಸಿದ್ಧವಿತ್ತು, ಒಲೆಯ ಮೇಲೆ ಒಂದೆರಡು ಪದಾರ್ಥಗಳೂ ಇದ್ದವು. ಆದರೆ ಯಾವುದರ ನಂತರ ಯಾವುದೆಂದು ಹೊಂದಿಸಲಾರದೆ ಅವರು ಕಂಗಾಲಾಗಿದ್ದರು. ಯಾವ ಸಾಮರ್ಥ್ಯ ಹೋಯಿತೆಂಬುದನ್ನು ತಮ್ಮನ ಶಸ್ತ್ರವಾಗಲಿ ಸೂಕ್ಷ್ಮದರ್ಶಕವಾಗಲಿ ತೋರಿಸಿರಲಿಲ್ಲ, ಅಕ್ಕನ ಅಡುಗೆಮನೆ ತೋರಿಸಿತು. ಕೆಲವೇ ವರ್ಷಗಳಲ್ಲಿ ರೂತ್ ತೀರಿಕೊಂಡರು.

ಒಬ್ಬ ವೈದ್ಯನ ವಿದ್ಯೆ ಮೆದುಳಿಗೆ ಸಾಲದೆಂಬುದು ಪೆನ್‌ಫೀಲ್ಡ್ ಅವರ ದೃಢ ನಂಬಿಕೆಯಾಗಿತ್ತು. ರಾಕ್‌ಫೆಲರ್ ಪ್ರತಿಷ್ಠಾನವು ನೀಡಿದ 12 ಲಕ್ಷ ಡಾಲರಿಗೂ ಮಿಕ್ಕ ನೆರವಿನಿಂದ 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ತೆರೆಯಿತು. ರೋಗಿಗಳ ಹಾಸಿಗೆ, ಪ್ರಯೋಗಾಲಯ, ತರಗತಿಗಳು ಒಂದೇ ಸೂರಿನಡಿ ಬಂದವು. ಹರ್ಬರ್ಟ್ ಜಾಸ್ಪರ್ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. 1950ರಲ್ಲಿ ಬಂದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ರೋಗಿಗಳ ನೆನಪನ್ನು ಪರೀಕ್ಷಿಸತೊಡಗಿದರು. ದೇಶದೇಶಗಳ ತರುಣ ವೈದ್ಯರು ಅಲ್ಲಿ ತರಬೇತಿ ಪಡೆದರು.

ಮೆದುಳಿಗೆ ತನ್ನದೇ ನೋವಿನ ಅರಿವಿಲ್ಲ. ಆದುದರಿಂದ ಮೂರ್ಛೆರೋಗಿಯ ನೆತ್ತಿಗೆ ಮಾತ್ರ ಮರವು ಕೊಟ್ಟು, ಆತ ಎಚ್ಚರವಿರುವಂತೆಯೇ ಪೆನ್‌ಫೀಲ್ಡ್ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಮೆದುಳಿನ ಮೇಲ್ಮೈಯನ್ನು ಸೌಮ್ಯ ವಿದ್ಯುತ್ತಿನಿಂದ ಮುಟ್ಟಿ, ಬೆರಳು ಅಲುಗಿತೇ, ಮಾತು ತಡೆಯಿತೇ ಎಂದು ಗುರುತಿಸುತ್ತಿದ್ದರು. ಉಳಿಸಬೇಕಾದ ಭಾಗವನ್ನು ಹೀಗೆ ಅರಿತೇ ಕೆಟ್ಟ ಭಾಗವನ್ನು ತೆಗೆಯುತ್ತಿದ್ದರು. ಈ ಗುರುತುಗಳಿಂದಲೇ ದೇಹದ ನಕ್ಷೆ ಮೂಡಿತು. ಅದರಲ್ಲಿ ಕೈ ಮತ್ತು ತುಟಿಗಳಿಗೆ ವಿಶಾಲವಾದ ಸ್ಥಳ, ಬೆನ್ನಿಗೆ ಕಿರಿದು.

1960ರಲ್ಲಿ ನಿರ್ದೇಶಕ ಸ್ಥಾನದಿಂದ ನಿವೃತ್ತರಾದ ಪೆನ್‌ಫೀಲ್ಡ್ 1976ರಲ್ಲಿ ನಿಧನರಾದರು. ಮನಸ್ಸನ್ನು ಮೆದುಳಿನಿಂದ ಮಾತ್ರವೇ ವಿವರಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುವ ವಿವಿಧ ಶಾಸ್ತ್ರಗಳ ವಿದ್ಯಾರ್ಥಿಗಳು ಅವರು ಕಟ್ಟಿದ ಸಂಸ್ಥೆಯಲ್ಲಿ ಇಂದಿಗೂ ಕೂಡಿ ಕಲಿಯುತ್ತಿದ್ದಾರೆ.